ನನಗೆ ಶಿಷ್ಯರಾದ ಪಿಟೀಲು ಮಾಸ್ತರು

ಮಾಸ್ತರರು ತೀರಿಕೊಂಡ ಸುದ್ದಿಯನ್ನು ಅವರ ಮಗಳು ಫೋನಿನಲ್ಲಿ ಹೇಳಿದಳು. ಹಿಂದಿಯಲ್ಲಿ ಶುರುಮಾಡಿ, ಅಳು ಬಂದಾಗ ಇಂಗ್ಲಿಷಿಗೆ ಹೋಗಿ, ಮತ್ತೆ ಹಿಂದಿಗೆ ಬಂದು, "ಅಂಕಲ್, ಪಪ್ಪಾ ಕೊನೆಯವರೆಗೂ ನಿಮ್ಮನ್ನು ಗುರುಜಿ ಅಂತಲೇ ಕರೀತಿದ್ದರು. ಇಗರ್ಜಿಯಲ್ಲಿ ಪ್ರಾರ್ಥನೆ ಇದೆ, ಬಂದು ನಾಲ್ಕು ಮಾತಾಡಿ" ಎಂದಳು. ಹೋದೆ. ಮೈಕಿನ ಮುಂದೆ ಕರೆದರು. "ಅವರು ಬಹಳ ಒಳ್ಳೆಯವರು" ಎಂದಷ್ಟೇ ಹೇಳಿ ಬಂದು ಕೂತೆ. ಒಳ್ಳೆಯವರು ಅನ್ನುವುದು ಮನೆಗೆ ಹಾಲು ಹಾಕುವವನಿಗೂ ಹೇಳುವ ಮಾತು. ಆ ನಾಚಿಕೆ ಇನ್ನೂ ಹೋಗಿಲ್ಲ, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅವರು ಪಿಟೀಲು ಬಾರಿಸಿದ, ಸ್ವರಲಿಪಿ ಬರೆದುಕೊಟ್ಟ ಸಿನಿಮಾ ಹಾಡುಗಳು ಲೆಕ್ಕವಿಲ್ಲದಷ್ಟು. ಒಂದರ ರೆಕಾರ್ಡಿನ ಮೇಲೂ ಅವರ ಹೆಸರು ಅಚ್ಚಾಗಲಿಲ್ಲ. "ಹೆಸರು ಹಾಕಿದರೆ ಜನ ಹೆಸರು ಓದುತ್ತಾರೆ ಮೆನ್, ಹಾಡು ಕೇಳುವುದಿಲ್ಲ" ಎನ್ನುತ್ತಿದ್ದರು, ಗೋವಾದವರ ರೂಢಿಯಂತೆ ಮಾತಿಗೊಂದು 'ಮೆನ್' ಸೇರಿಸಿ. ಕೈಗೆಟುಕದ ದ್ರಾಕ್ಷಿ ಹುಳಿ ಎಂದ ಹಾಗೂ ಇರಬಹುದು ಅದು. ಆದರೂ ಅವರು ಬದುಕಿದ್ದಾಗ ಬಾರದ ಹೆಸರನ್ನು ನಾನು ಈಗ ಬರೆದು ದೊಡ್ಡವನಾಗುವುದು ಬೇಡ. ಮುಂಬೈಯ ಮಲಾಡಿನಲ್ಲಿ ಎಲ್ಲರೂ ಅವರನ್ನು ಮಾಸ್ತರ್ ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ.

ಗೋವಾದ ಕ್ರಿಶ್ಚನ್ನರು. ಆಗ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಹುಡುಗನಿದ್ದಾಗ ಕಾರವಾರದ ಸೋದರಮಾವನ ಮನೆಯಲ್ಲಿದ್ದುಕೊಂಡು ನಾಲ್ಕು ವರ್ಷ ಶಾಲೆಗೆ ಹೋಗಿದ್ದರಿಂದ ಕನ್ನಡ ಬರುತ್ತಿತ್ತು. ಅದು ಎಂಥ ಕನ್ನಡವೆಂದರೆ, ಅಂಗಳಕ್ಕೆ ಬಂದ ನಾಯಿಗೂ "ಬನ್ನಿ, ಕೂತುಕೊಳ್ಳಿ" ಎನ್ನುವಂಥದ್ದು. ಧಡೂತಿ ಮನುಷ್ಯ. ಅವರ ಹೆಗಲ ಮೇಲೆ ಪಿಟೀಲು ಆಟದ ಸಾಮಾನಿನಂತೆ ಕಾಣುತ್ತಿತ್ತು. ಮೂವತ್ತೈದು ವರ್ಷ ಅದನ್ನು ಒತ್ತಿ ಹಿಡಿದದ್ದಕ್ಕೆ ಗದ್ದದ ಕೆಳಗೆ ಎಡಭಾಗದಲ್ಲಿ ಕಪ್ಪು ಕಲೆಯಾಗಿತ್ತು. ನಾನಿದ್ದ ಚಾಳಿನ ವಠಾರದ ಹೆಂಗಸರು ಅದನ್ನು ಸುಟ್ಟ ಗಾಯವೆಂದು ತಿಳಿದು ಮರುಗುತ್ತಿದ್ದರು.

ಕಿವಿಗೆ ಬಿದ್ದದ್ದನ್ನೆಲ್ಲ ಬರೆದಿಡುವ ಚಟ ಅವರಿಗೆ. ಪಾಶ್ಚಾತ್ಯ ಸ್ವರಲಿಪಿ ಬರೆಯುವ ಐದು ಗೆರೆಗಳ ಕಾಗದ ಸದಾ ಕಿಸೆಯಲ್ಲಿ, ಪೆನ್ಸಿಲು ಕಿವಿಯ ಮೇಲೆ. ಓಣಿಗೆ ಮೀನು ಮಾರಲು ಬರುವ ಬೆಸ್ತ ಹೆಂಗಸಿನ ಕೂಗನ್ನೂ ಬರೆದಿಟ್ಟಿದ್ದರು. ಒಂದು ಮಂಗಳವಾರ ಕೂಗು ಕೇಳಿ, ಹಾಳೆ ತೆಗೆದು ನೋಡಿ, "ಅರ್ಧ ಸ್ವರ ಕೆಳಗೆ ಇಳಿದಿದೆ" ಎಂದರು. ಹೊರಗೆ ಹೋಗಿ, "ಬಾಯಿ, ನಿನಗೆ ಮೈ ಸರಿ ಇಲ್ಲ, ಮನೆಗೆ ಹೋಗಿ ಶುಂಠಿ ಕಷಾಯ ಕುಡಿ" ಎಂದು ಮರಾಠಿಯಲ್ಲಿ ಹೇಳಿದರು. ಅವಳಿಗೆ ಸಿಟ್ಟು ಬಂತು. ಗುರುವಾರ ಅವಳು ಬರಲಿಲ್ಲ, ಜ್ವರದಿಂದ ಮಲಗಿದ್ದಳು. ಮುಂದೆ ಅವಳು ಅವರನ್ನು ಡಾಕ್ಟರ್ ಎಂದು ಕರೆಯತೊಡಗಿದಳು, ಮೀನನ್ನು ಆರಿಸಿ ಕೊಡತೊಡಗಿದಳು.

ಇಂಥವರಿಗೆ ನಾನು ಗುರುವಾದ ಕಥೆ ಹೇಳುವ ಮೊದಲು ನನ್ನ ಯೋಗ್ಯತೆಯನ್ನು ಹೇಳಿಬಿಡುವುದು ಒಳ್ಳೆಯದು. ನಾನು ಧಾರವಾಡದವನು. ಅಲ್ಲಿ ಗುರುಗಳ ಮನೆಯಲ್ಲಿದ್ದುಕೊಂಡು ಐದು ವರ್ಷ ಹಿಂದುಸ್ತಾನಿ ಗಾಯನ ಕಲಿತೆ. ನೀರು ತಂದೆ, ಕಟ್ಟಿಗೆ ಒಡೆದೆ, ಬೈಸಿಕೊಂಡೆ, ಹಾಡಿದೆ. ಆರನೆಯ ವರ್ಷ ಮುಂಬೈಯಲ್ಲಿದ್ದ ನಮ್ಮ ಭಾವ ಫೋರ್ಟ್ ಭಾಗದ ಒಂದು ವಿಮಾ ಕಚೇರಿಯಲ್ಲಿ ಕಾರಕೂನನ ಕೆಲಸ ಗೊತ್ತುಮಾಡಿ ಕಾಗದ ಬರೆದರು. ಗುರುಗಳನ್ನು ಕೇಳಿದರೆ ಬೇಡ ಅನ್ನುತ್ತಾರೆ, ಬೇಡ ಅಂದರೆ ಮೀರಲಾಗುವುದಿಲ್ಲ. ಹೀಗೆ ಲೆಕ್ಕ ಹಾಕಿ ನಾನು ಕೇಳಲೇ ಇಲ್ಲ. ಒಂದು ಮುಂಜಾನೆ ಕೊಡ ತಗೊಂಡು ನೀರಿಗೆಂದು ಹೊರಟವನು, ಕೊಡವನ್ನು ಬಾವಿಯ ಕಟ್ಟೆಯ ಮೇಲಿಟ್ಟು ಸ್ಟೇಷನ್ನಿಗೆ ಹೋಗಿ ರೈಲು ಹತ್ತಿದೆ.

ಹೀಗೆ ಓಡಿಬಂದವನಿಗೆ ಸಂಗೀತದಲ್ಲಿ ಎರಡು ಬಾಗಿಲು ಮುಚ್ಚುತ್ತವೆ. ಗುರುವಿನ ಅಪ್ಪಣೆ ಇಲ್ಲದೆ ನಾಲ್ಕು ಜನರ ಮುಂದೆ ಹಾಡುವಂತಿಲ್ಲ, ಇನ್ನೊಬ್ಬರಿಗೆ ಕಲಿಸುವಂತಿಲ್ಲ. ಯಾರೂ ಬಂದು ಹಿಡಿಯುವುದಿಲ್ಲ, ನಿಜ. ಆದರೆ ಆ ಮನೆಯ ಅನ್ನ ಉಂಡವನಿಗೆ ಅದು ಗೊತ್ತಿರುತ್ತದೆ. ಮುಂಬೈಗೆ ಬಂದ ಮೇಲೆ ನಾನು ತಂಬೂರಿ ಮುಟ್ಟಲಿಲ್ಲ. ಹಾಡದೆ ಇರಲೂ ಆಗಲಿಲ್ಲ. ಅದಕ್ಕೊಂದು ಉಪಾಯ ಹುಡುಕಿಕೊಂಡಿದ್ದೆ. ಮಲಾಡಿನ ರೈಲ್ವೆ ಫಾಟಕದ ಹತ್ತಿರ ನಿಂತು ಫಾಸ್ಟ್ ಲೋಕಲ್ ಹಾಯುವಾಗ ಗಂಟಲು ಬಿಟ್ಟು ಹಾಡುವುದು. ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಗಾಡಿ ಹೋದ ಕೂಡಲೇ ಬಾಯಿ ಮುಚ್ಚಿ ಸಭ್ಯ ಕಾರಕೂನನಂತೆ ನಡೆದುಬಿಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಗಾಡಿ ಹೋಗಿದ್ದು ನನಗೆ ತಿಳಿಯಲಿಲ್ಲ. ಮಧ್ಯಾಹ್ನದ ರಾಗವಾದ ಭೀಮಪಲಾಸಿಯ ಒಂದು ತಾನ ಹೊತ್ತಲ್ಲದ ಹೊತ್ತಿನಲ್ಲಿ ಬಾಯಲ್ಲಿತ್ತು, ಕಣ್ಣು ಮುಚ್ಚಿತ್ತು. ಕಣ್ಣು ತೆಗೆದರೆ ಎದುರಿಗೆ ಪಿಟೀಲಿನ ಪೆಟ್ಟಿಗೆ ಹಿಡಿದ ಧಡೂತಿ ಮನುಷ್ಯ, ಇಗರ್ಜಿಯಿಂದ ಬರುತ್ತಿದ್ದವರು, ನನ್ನ ರಟ್ಟೆ ಹಿಡಿದರು.

"ಪುನಃ ಹಾಡಿ."

"ತಪ್ಪಾಯ್ತು, ಇನ್ನ ಮ್ಯಾಲೆ ಹಾಡೂದಿಲ್ರಿ" ಎಂದೆ, ಗಾಬರಿಯಲ್ಲಿ ಕನ್ನಡದಲ್ಲೇ.

ಅವರ ಮುಖ ಅರಳಿತು. "ಕನ್ನಡವೋ? ಒಳ್ಳೆಯದಾಯಿತು. ಆ ಮಧ್ಯದ ಜಾಗ ಹಾಡಿ ಮೆನ್. ನೀವು ಮೇಲಿನ ಸ್ವರದಿಂದ ಕೆಳಗಿನ ಸ್ವರಕ್ಕೆ ಬಂದಿರಿ. ಹೇಗೆ ಬಂದಿರಿ? ನಾನು ಎರಡು ವಾರದಿಂದ ಆ ದಾರಿ ಹುಡುಕುತ್ತಾ ಇದ್ದೇನೆ."

ಆಮೇಲೆ ತಿಳಿಯಿತು ಅವರ ಸಂಕಟ. ಸಿನಿಮಾ ಸಂಗೀತದವರಲ್ಲಿ ಅವರ ಕೆಲಸವೇನೆಂದರೆ, ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡಿದು ಹಾಡಿತೋರಿಸಿದ ಧಾಟಿಯನ್ನು ಐದು ಗೆರೆಗಳ ಮೇಲೆ ಬರೆದು, ಅದನ್ನು ಹನ್ನೆರಡು ಪಿಟೀಲಿನವರಿಗೂ ಹಂಚುವುದು. ಬಾರಿಸುವವರೂ ಹೆಚ್ಚಾಗಿ ಗೋವಾದವರೇ, ಕಾಗದದಲ್ಲಿ ಏನಿದೆಯೋ ಅದನ್ನು ಕೂದಲೆಳೆ ತಪ್ಪದೆ ಬಾರಿಸುವವರು. ಎರಡು ವಾರದ ಹಿಂದೆ ಒಬ್ಬ ನಿರ್ದೇಶಕರು ಭೀಮಪಲಾಸಿಯಲ್ಲಿ ಧಾಟಿ ಕೂಡಿಸಿದ್ದರು. ಹನ್ನೆರಡೂ ಪಿಟೀಲು ಒಟ್ಟಿಗೆ ಬಾರಿಸಿದಾಗ ಸ್ವರವೆಲ್ಲ ಸರಿ, ತಾಳವೆಲ್ಲ ಸರಿ, ಆದರೆ ಧಾಟಿ ಮೆಟ್ಟಿಲು ಇಳಿದ ಹಾಗೆ ದಡದಡನೆ ಇಳಿಯಿತು. "ಇದು ನನ್ನದಲ್ಲ!" ಎಂದು ನಿರ್ದೇಶಕರು ಹಾರ್ಮೋನಿಯಂ ಮುಚ್ಚಿ ಎದ್ದುಹೋದರು. ಮಾಸ್ತರರಿಗೆ ತಪ್ಪು ಎಲ್ಲಿ ಅಂತಲೇ ತಿಳಿಯಲಿಲ್ಲ.

ತಪ್ಪು ನನಗೆ ಕೂಡಲೇ ಗೊತ್ತಾಯಿತು. ಹಾರ್ಮೋನಿಯಂ ಮೇಲೆ ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಒಂದು ಬಿಟ್ಟು ಇನ್ನೊಂದನ್ನು ಒತ್ತಬೇಕು. ಜಾರುವುದನ್ನೆಲ್ಲ ಹಾಡುವವರ ಗಂಟಲು ಮಾಡುತ್ತದೆ. ಮಾಸ್ತರರು ಸುಲಭವಾಗಿ ಕೇಳುವ ಹಾರ್ಮೋನಿಯಂ ಪೆಟ್ಟಿಯನ್ನು ಬರೆದುಕೊಂಡಿದ್ದರು, ಗಂಟಲನ್ನು ಬಿಟ್ಟಿದ್ದರು. ಇದನ್ನು ಹೇಳಿದಾಗ ಅವರು ಹಣೆ ಬಡಿದುಕೊಂಡರು. "ಇಪ್ಪತ್ತು ವರ್ಷ ನಾನು ಪೆಟ್ಟಿ ಬರೆದೆ!" ಎಂದು ಫಾಟಕದವನಿಗೂ ಕೇಳುವಂತೆ ಕೂಗಿದರು. ನನ್ನ ಕೈ ಬಿಡಲಿಲ್ಲ. ಹಾಗೇ ಮನೆಗೆ ಕರೆದುಕೊಂಡು ಹೋದರು.

ಅಂದಿನಿಂದ ಪ್ರತಿ ಭಾನುವಾರ ಇಗರ್ಜಿ ಮುಗಿದ ಮೇಲೆ ಪಾಠ. ನನಗೆ ಇಪ್ಪತ್ತೇಳು, ಅವರಿಗೆ ಐವತ್ತು. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ತಾವು ಅಡಿಗೆಮನೆಯ ಮಣೆ ತಂದು ಅದರ ಮೇಲೆ ಕೂರುತ್ತಿದ್ದರು. ಮೀನು ಹೆಚ್ಚುವ ಮಣೆ ಅದು. "ಗುರು ಮೇಲೆ, ಶಿಷ್ಯ ಕೆಳಗೆ" ಎಂಬುದನ್ನು ಎಲ್ಲಿಯೋ ಕೇಳಿದ್ದರು. ಎಷ್ಟು ಹೇಳಿದರೂ ಬಿಡಲಿಲ್ಲ. ಅವರ ಹೆಂಡತಿ ಮೀನು ತಿನ್ನದ ನಾನು ಎದ್ದು ಹೋಗುವ ತನಕ ಒಲೆಯ ಮೇಲೆ ಮೀನು ಇಡುತ್ತಿರಲಿಲ್ಲ. ಪಾಠ ಉದ್ದವಾದರೆ ಒಳಗಿನಿಂದ ಪಾತ್ರೆ ಸದ್ದು ಜೋರಾಗುತ್ತಿತ್ತು. ನನಗೆ ಆ ತಾಳವೂ ಅರ್ಥವಾಗುತ್ತಿತ್ತು, ಎದ್ದು ಬರುತ್ತಿದ್ದೆ.

ಶಿಷ್ಯರೆಂದರೆ ಅವರೇ ಶಿಷ್ಯರು. ಗಾಂಧಾರಕ್ಕೂ ಮಧ್ಯಮಕ್ಕೂ ನಡುವಿನ ಒಂದು ಜಾರುವಿಕೆಗೆ ನಾಲ್ಕು ತಿಂಗಳು ಕೂತರು. "ನನ್ನ ಕಾಗದದಲ್ಲಿ ಈ ಎರಡು ಸ್ವರದ ಮಧ್ಯೆ ಏನೂ ಇಲ್ಲ. ನೀವು ಅಲ್ಲಿ ಒಂದು ಊರನ್ನೇ ಇಟ್ಟುಕೊಂಡಿದ್ದೀರಿ" ಎನ್ನುತ್ತಿದ್ದರು. ಕೊನೆಗೆ ಆ ಊರಿಗೆ ದಾರಿಯನ್ನೂ ಬರೆದರು. ಎರಡು ಸ್ವರಗಳ ನಡುವೆ ಎರೆಹುಳದಂಥ ಒಂದು ಗೆರೆ. ಎಷ್ಟು ನಿಧಾನ ಜಾರಬೇಕೋ ಹುಳ ಅಷ್ಟು ಉದ್ದ, ಎಲ್ಲಿ ತಡೆಯಬೇಕೋ ಅಲ್ಲಿ ಹುಳದ ಹೊಟ್ಟೆ ದಪ್ಪ. ಪಿಟೀಲಿನವರು ಮೊದಮೊದಲು ನಕ್ಕರು. ಆಮೇಲೆ ಒಂದು ದಿನ ಹನ್ನೆರಡು ಜನರೂ ಹುಳಗಳನ್ನು ನೋಡಿಕೊಂಡು ಬಾರಿಸಿದಾಗ, ಅದೇ ಸಿಡುಕಿನ ನಿರ್ದೇಶಕರು ಎದ್ದುಬಂದು ಮಾಸ್ತರರನ್ನು ಅಪ್ಪಿಕೊಂಡರಂತೆ. ಆ ಭಾನುವಾರ ಅವರ ಹೆಂಡತಿ ನನಗೆಂದು ಬೇರೆ ಪಾತ್ರೆಯಲ್ಲಿ ತೆಂಗಿನ ಹಾಲಿನ ಪಾಯಸ ಮಾಡಿದ್ದರು. ನಾನು ಪಾಯಸ ಉಂಡೇಳುವ ತನಕ ಮೀನೂ ಕಾದಿತ್ತು.

ನಾನು ಆಗ ಸ್ವಲ್ಪ ಜಂಬದವನು. ಓಡಿಬಂದವರಿಗೆ ಜಂಬ ಹೆಚ್ಚು. ಒಮ್ಮೆ ಫೋರ್ಟಿನಲ್ಲಿ, ನಮ್ಮ ಕಚೇರಿಯ ಹತ್ತಿರದ ಉಡುಪಿ ಹೋಟೆಲಿನಲ್ಲಿ ಇಬ್ಬರೂ ಕೂತಿದ್ದಾಗ, ನಮ್ಮ ಸಂಗೀತದಲ್ಲಿ ಹೊರಗಿನದು ಏನೂ ಬೆರೆತಿಲ್ಲ, ಅದಕ್ಕೇ ಅದು ಹೀಗೆ ನಿಂತಿದೆ ಎಂದು ದೊಡ್ಡ ಮಾತಾಡಿದೆ. ಮಾಸ್ತರರು ದೋಸೆಯೊಳಗಿನ ಪಲ್ಯವನ್ನು ಬೆರಳಿನಿಂದ ತೋರಿಸಿ, "ಬಟಾಟೆ ನಮ್ಮ ಪೋರ್ಚುಗೀಸರ ಹಡಗಿನಲ್ಲಿ ಬಂತು ಗುರುಜಿ. ಮೆಣಸಿನಕಾಯಿಯೂ ಬಂತು" ಎಂದರು. ಅದು ತಿನ್ನುವ ಮಾತು, ಸಂಗೀತದ್ದಲ್ಲ ಎಂದೆ.

"ಸರಿ. ಹಾರ್ಮೋನಿಯಂ?"

"ಅದು ವಿಲಾಯತಿ."

"ಪಿಟೀಲು?"

"ಅದೂ."

"ನಿಮ್ಮ ಗುರುಗಳ ಗುರು?"

ನಮ್ಮ ಗುರುಗಳು ಲಿಂಗವಂತರು. ಅವರಿಗೆ ಕಲಿಸಿದ ಖಾನ್‌ಸಾಹೇಬರು ಉತ್ತರದಿಂದ ಬಂದು ನೆಲೆಸಿದ ಮುಸಲ್ಮಾನರು. ಧಾರವಾಡದ ಮನೆಯ ದೇವರ ಮಾಡದಲ್ಲಿ ಖಾನ್‌ಸಾಹೇಬರ ಫೋಟೋ ಇತ್ತು, ನಾನೇ ದಿನಾ ಅದಕ್ಕೆ ಹೂವು ಏರಿಸುತ್ತಿದ್ದೆ. ಚಟ್ನಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಹಾಗಾದರೆ ನಿಮ್ಮ ಅಂಗಡಿಯಲ್ಲಿ ಸ್ವಂತದ್ದು ಏನಿದೆ?"

"ಗಂಟಲು" ಎಂದೆ, ಬಿಡದೆ.

"ಅದು ನಮ್ಮ ಹತ್ತಿರವೂ ಇದೆ ಮೆನ್" ಎಂದು ಅವರು ದೋಸೆ ತಿನ್ನತೊಡಗಿದರು. ಸೋತವನು ನಾನೇ ಕಾಫಿ ಹೇಳಿದೆ.

ಖಾನ್‌ಸಾಹೇಬರ ಹೆಸರು ಎತ್ತುವಾಗ, ಗುರುಗಳ ಹೆಸರು ಎತ್ತುವಾಗ ಕಿವಿ ಮುಟ್ಟಿಕೊಳ್ಳುವುದು ನಮ್ಮಲ್ಲಿ ರೂಢಿ. ಹಿರಿಯರ ಹೆಸರು ಹೇಳುವ ಯೋಗ್ಯತೆ ನಮಗಿಲ್ಲ, ತಪ್ಪಾದರೆ ಕ್ಷಮಿಸಿ ಎಂದು ಅದರ ಅರ್ಥ. ಮಾಸ್ತರರು ಅದನ್ನೂ ಕಲಿತರು. ಸ್ಟುಡಿಯೋದಲ್ಲಿ ನಮ್ಮ ಗುರುಗಳ ಮಾತು ಬಂದರೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಅದೇ ಕೈಯಿಂದ ಕಿವಿ ಮುಟ್ಟಿಕೊಳ್ಳುತ್ತಿದ್ದರಂತೆ. ಗುರುಗಳನ್ನು ಒಮ್ಮೆ ನೋಡಬೇಕು, ಕರೆದುಕೊಂಡು ಹೋಗಿ ಎಂದು ನನಗೆ ಗಂಟು ಬಿದ್ದರು. ನಾನು ರಜೆ ಇಲ್ಲ, ಮಳೆ ಹೆಚ್ಚು, ಗುರುಗಳಿಗೆ ಮೈಯಲ್ಲಿ ಹುಷಾರಿಲ್ಲ ಎಂದೆಲ್ಲ ಒಂದು ವರ್ಷ ದಾಟಿಸಿದೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಒಂದು ದಿನ ಅದೇ ಉಡುಪಿ ಹೋಟೆಲಿನ ಗೋಡೆಯ ಮೇಲೆ ಭಿತ್ತಿಪತ್ರ ಕಂಡಿತು. ಮಾಟುಂಗಾದ ಸಂಗೀತ ಮಂಡಳಿಯೊಂದರಲ್ಲಿ ಬರುವ ಭಾನುವಾರ ಸಂಜೆ ನಮ್ಮ ಗುರುಗಳ ಗಾಯನ. ಮಾಸ್ತರರು ಕನ್ನಡ ಅಕ್ಷರ ಕೂಡಿಸಿಕೊಂಡು ಓದಿದರು, ಕಿವಿ ಮುಟ್ಟಿಕೊಂಡರು, ಮಗುವಿನಂತೆ ಕುಣಿದರು. ಇನ್ನು ತಪ್ಪಿಸಿಕೊಳ್ಳಲು ನನಗೆ ಜಾಗವಿರಲಿಲ್ಲ. ಅಲ್ಲಿಯೇ ಎಲ್ಲ ಹೇಳಿಬಿಟ್ಟೆ. ಕೊಡ ಇಟ್ಟು ಓಡಿಬಂದದ್ದು, ಆರು ವರ್ಷದಿಂದ ಒಂದು ಕಾಗದ ಬರೆಯದ್ದು, ಕಲಿಸುವ ಅಪ್ಪಣೆಯೇ ನನಗಿಲ್ಲ ಎಂಬುದು.

ಅವರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. "ಹಾಗಾದರೆ ಒಂದೂವರೆ ವರ್ಷ ನಾನು ಕದ್ದ ಮಾಲು ತಿಂದೆನೋ?" ಎಂದರು.

"ಪಾಪ ನಂದು, ನಿಮ್ಮದಲ್ಲ ಮಾಸ್ತರ್."

"ಕದ್ದದ್ದು ಅಂತ ಗೊತ್ತಾದ ಮೇಲೂ ಇಟ್ಟುಕೊಂಡರೆ ನನ್ನದೂ ಹೌದು. ಅವರು ಹೌದು ಅನ್ನುವ ತನಕ ನಾನು ಆ ರಾಗ ಮುಟ್ಟುವುದಿಲ್ಲ."

ಮಾತಿಗೆ ತಪ್ಪದ ಮನುಷ್ಯ. ಆ ವಾರ ಸ್ಟುಡಿಯೋದಲ್ಲಿ ಹುಳದ ಗೆರೆಗಳಿದ್ದ ಹಾಳೆಗಳನ್ನು ಬೇರೆಯವರಿಗೆ ಕೊಟ್ಟು ತಾವು ಸುಮ್ಮನೆ ಕೂತರಂತೆ. ಅದನ್ನು ಅವರ ಹೆಂಡತಿ ನನಗೆ ಹೇಳಿದಾಗ ಸಂಕಟವಾಯಿತು. ನನ್ನ ಹೇಡಿತನಕ್ಕೆ ಅವರು ದಂಡ ತೆರುತ್ತಿದ್ದರು. ಶನಿವಾರ ಸಂಜೆ ನಮ್ಮ ಚಾಳಿಗೆ ಬಂದು ಹೊಸ್ತಿಲಲ್ಲೇ ಹೇಳಿದರು: "ಕೇಳಿ. ನಮ್ಮಲ್ಲಿ ತಪ್ಪೊಪ್ಪಿಗೆ ಅಂತ ಇದೆ. ಪಾದ್ರಿಯ ಹತ್ತಿರ ಮೊಣಕಾಲೂರಿ ಮಾಡಿದ್ದನ್ನು ಹೇಳುವುದು. ಅವರು ಒಂದು ಪ್ರಾಯಶ್ಚಿತ್ತ ಹೇಳುತ್ತಾರೆ, ಮಾಡುವುದು, ಮುಗಿಯಿತು. ಐದು ನಿಮಿಷ. ನಿಮ್ಮಲ್ಲಿ ಆ ವ್ಯವಸ್ಥೆ ಇಲ್ಲ, ಅದಕ್ಕೆ ನೀವು ಆರು ವರ್ಷ ಹೊತ್ತುಕೊಂಡಿದ್ದೀರಿ. ನಾಳೆ ನಾನು ಕರೆದುಕೊಂಡು ಹೋಗುತ್ತೇನೆ."

ಮರುದಿನ ಮಧ್ಯಾಹ್ನ ಲೋಕಲ್ಲಿನಲ್ಲಿ ಹೊರಟೆವು. ಅವರು ದೊಡ್ಡ ಸಂಗೀತ ಕಛೇರಿಗಳಿಗೆ ಹಾಕುವ ಕರೀ ಕೋಟು ತೊಟ್ಟಿದ್ದರು. ಒಂದು ಕೈಯಲ್ಲಿ ಪಿಟೀಲು, ಇನ್ನೊಂದರಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣಿನ ಚೀಲ. ಇವನ್ನೆಲ್ಲ ನಮ್ಮ ಚಾಳಿನ ಹೆಂಗಸರನ್ನು ಕೇಳಿಯೇ ತಂದಿದ್ದರು. ಗುರುಗಳು ಇಳಿದುಕೊಂಡಿದ್ದ ಮನೆಯ ಬಾಗಿಲಿನ ತನಕ ಹೋದವನು ಅಲ್ಲಿ ಕಾಲು ಎತ್ತಲಾರದೆ ನಿಂತೆ. ಮಾಸ್ತರರು ಹಿಂದಿನಿಂದ ನನ್ನನ್ನು ದಬ್ಬಿದರು. ದಬ್ಬಿದ ರಭಸಕ್ಕೆ ನಾನು ನೇರವಾಗಿ ಗುರುಗಳ ಕಾಲಿನ ಹತ್ತಿರವೇ ಹೋಗಿ ಬಿದ್ದೆ. ಅದನ್ನೇ ನಮಸ್ಕಾರ ಮಾಡಿಕೊಂಡೆ.

ಗುರುಗಳು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು.

"ಯಾರಪಾ ನೀ?"

ಹೆಸರು ಹೇಳಿದೆ.

"ಆ ಹೆಸರಿನ ಹುಡುಗ ನಮ್ಮ ಮನ್ಯಾಗೊಬ್ಬ ಇದ್ದ. ಒಂದಿನ ಮುಂಜಾನೆ ನೀರು ತರಾಕ ಹೋದಾವ ಇನ್ನೂ ಬಂದಿಲ್ಲ."

ನನಗೆ ಅಳು ಬಂತು. ಇಪ್ಪತ್ತೆಂಟು ವರ್ಷದ ಗಂಡಸು, ಪರರ ಮನೆಯ ಪಡಸಾಲೆಯಲ್ಲಿ ಅತ್ತೆ. "ತಪ್ಪಾತ್ರೀ ಗುರುಗಳ. ಹೇಳದ ಹೋದೆ. ಅಪ್ಪಣಿ ಇಲ್ಲದ ಇವರಿಗೆ ಕಲಿಸೇನ್ರಿ. ಇವರದೇನೂ ತಪ್ಪಿಲ್ರಿ."

ಗುರುಗಳು ನನ್ನನ್ನು ಬಿಟ್ಟು ಕರೀ ಕೋಟನ್ನು ನೋಡಿದರು. ಮಾಸ್ತರರು ಬಾಗಿಲಲ್ಲೇ ಮೊಣಕಾಲೂರಿ ಕೂತಿದ್ದರು, ಚೀಲ ಮುಂದಿಟ್ಟುಕೊಂಡು. "ತಿಳಿಯದೆ ತೆಗೆದುಕೊಂಡೆ ಸ್ವಾಮಿ. ನೀವು ಬೇಡ ಅಂದರೆ ಇಲ್ಲಿಯೇ ಬಿಟ್ಟು ಹೋಗುತ್ತೇನೆ" ಎಂದರು.

"ಕಲಿತದ್ದು ಬಿಟ್ಟು ಹೋಗಾಕ ಅದೇನು ಚಪ್ಪಲಿ ಏನ್ರಿ?" ಎಂದರು ಗುರುಗಳು. "ಏನ ಕಲಿಸ್ಯಾನ ಇಂವ? ಬಾರಿಸ್ರಿ, ಕೇಳೂಣು."

ಮಾಸ್ತರರು ಭೀಮಪಲಾಸಿ ಬಾರಿಸಿದರು. ಗುರುಗಳ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. ಆಲಾಪ ಮೇಲೆ ಹೋಗಿ, ಮಧ್ಯಮದಲ್ಲಿ ತಡೆದು, ಗಾಂಧಾರಕ್ಕೆ ಇಳಿಯುವ ಬದಲು ಒಮ್ಮೆ ಹಿಂದೆ ತಿರುಗಿ ಯಾರನ್ನೋ ಕರೆದಂತೆ ಮಾಡಿ ಆಮೇಲೆ ಇಳಿಯಿತು. ಗುರುಗಳು ಕೈ ಎತ್ತಿ ನಿಲ್ಲಿಸಿದರು.

"ಈ ಜಾಗಾ ನಂದಲ್ಲ. ನಾ ಕಲಿಸಿಲ್ಲ ಇದನ್ನ. ನೀ ಹಾಕಿದ್ಯೇನ?" ಎಂದು ನನ್ನ ಕಡೆ ತಿರುಗಿದರು. ನಾನೂ ಅದನ್ನು ಅವತ್ತೇ ಮೊದಲು ಕೇಳಿದ್ದು.

ಮಾಸ್ತರರು ಪಿಟೀಲು ಇಳಿಸಿದರು. "ಅದು ನನ್ನ ತಾಯಿಯದು ಸ್ವಾಮಿ. ಊರಿನಲ್ಲಿ ಅವಳು ಹಾಡುತ್ತಿದ್ದ ಕೊಂಕಣಿ ಪದ. ಇಗರ್ಜಿಯ ಸಂಗೀತ ಶಾಲೆಯಲ್ಲಿ ಇದನ್ನೆಲ್ಲ ಅಡಿಗೆಮನೆಯ ಹಾಡು ಅಂತ ನಗುತ್ತಿದ್ದರು. ನಾನೂ ಮರೆತಿದ್ದೆ. ಇವರು ಈ ರಾಗ ಕಲಿಸಿದ ಮೇಲೆ ಅದು ತಾನಾಗಿ ಬಂತು. ಅವಳು ಹೋದ ವರ್ಷ ತೀರಿಕೊಂಡಳು. ಗೋವಾದ ಗಡಿ ಮುಚ್ಚಿತ್ತು, ಪರವಾನಗಿ ಸಿಗಲಿಲ್ಲ. ನನಗೆ ಮಣ್ಣಿಗೂ ಹೋಗಲಿಕ್ಕೆ ಆಗಲಿಲ್ಲ."

ಒಂದೂವರೆ ವರ್ಷ ಪ್ರತಿ ಭಾನುವಾರ ಅವರ ಎದುರಿಗೆ ಕುರ್ಚಿಯ ಮೇಲೆ ಕೂತಿದ್ದೆ ನಾನು. ಇದನ್ನು ನನಗೆ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

"ಮಾತು ಹಚ್ಚಿ ಹಾಡ್ರಿ" ಎಂದರು ಗುರುಗಳು. ಮಾಸ್ತರರು ಹಾಡಿದರು. ಒಡಕು ದನಿ, ಮಾತು ನಮಗೆ ತಿಳಿಯದ್ದು. ಗುರುಗಳು ಅದನ್ನು ಮೆಲ್ಲಗೆ ತಮ್ಮ ಬಾಯಲ್ಲಿ ಮೂರು ಸಲ ಅಂದುಕೊಂಡರು. ಆಮೇಲೆ ಹೇಳಿದರು: "ನಾ ಕಲಿಯಾಕ ಹೋದಾಗ ನಮ್ಮ ಖಾನ್‌ಸಾಹೇಬರು ನನ್ನ ಜಾತಿ ಕೇಳಲಿಲ್ರಿ. ನಿಮ್ಮವ್ವ ಬೀಸೂ ಮುಂದ ಏನ ಹಾಡ್ತಾಳ, ಮೊದಲ ಅದನ್ನ ಹಾಡು ಅಂದ್ರು. ಒಂದು ಪದಾ ಹಾಡಿದೆ. ಇದು ಇಟ್ಕೋ, ಇದರ ಮ್ಯಾಲೆ ನಂದು ಕೂಡಸ್ತೇನಿ ಅಂದ್ರು."

ಅಷ್ಟು ಹೇಳಿ ಎಲೆ ಮಡಚಿ ಬಾಯಿಗೆ ಹಾಕಿಕೊಂಡರು. ಅಪ್ಪಣೆ ಕೊಟ್ಟೆ ಅನ್ನಲಿಲ್ಲ, ಕ್ಷಮಿಸಿದೆ ಅನ್ನಲಿಲ್ಲ. ಮಾಸ್ತರರ ಕೈಯಿಂದ ಕಾಯಿ ತಗೊಂಡು ಪಕ್ಕಕ್ಕಿಟ್ಟರು. ನಾವು ಏಳುವಾಗ ನನ್ನನ್ನು ನೋಡದೆ ಹೇಳಿದರು:

"ಸಂಜಿಕ ತಂಬೂರಿ ಶ್ರುತಿ ಮಾಡಿಡು. ನೀರು ತರಾಕ ಹೋಗಬ್ಯಾಡ ಮತ್ತ."

ಗಾಯಕರ ಹಿಂದೆ ತಂಬೂರಿ ಹಿಡಿದು ಕೂರುವವನು ಅವರ ಮನೆಯವನು. ಇದನ್ನು ಮಾಸ್ತರರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ರಸ್ತೆಗೆ ಬಂದ ಮೇಲೆ ಗಡಿಯಾರ ನೋಡಿಕೊಂಡು, "ಐದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಾಯಿತು" ಎಂದರು, ಕರೀ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತ.

ಸಂಜೆಯ ಬೆಳಕು ಇರುವಾಗಲೇ ಹಾಡಿಕೆ ಶುರುವಾಯಿತು. ಜಮಖಾನೆ ಹಾಸಿದ ಸಭಾಂಗಣ, ಬಾಗಿಲ ತನಕ ಜನ. ಮಾಸ್ತರರು ಜನರ ನಡುವೆ, ಕಾಲು ಮಡಚಲು ಬಾರದೆ ಒದ್ದಾಡುತ್ತ ಕೂತಿದ್ದರು. ನಾನು ಗುರುಗಳ ಬೆನ್ನ ಹಿಂದೆ. ತಂಬೂರಿ ಮೀಟುತ್ತಿದ್ದೆ. ಗುರುಗಳು ಭೀಮಪಲಾಸಿ ಎತ್ತಿಕೊಂಡರು. ವಿಲಂಬಿತದಲ್ಲಿ ನಿಧಾನವಾಗಿ ಬೆಳೆಸುತ್ತ ಬಂದು, ಮಧ್ಯಮದಲ್ಲಿ ನಿಂತು, ಒಮ್ಮೆ ಹಿಂದಕ್ಕೆ ತಿರುಗಿ ಕರೆದು, ಗಾಂಧಾರಕ್ಕೆ ಇಳಿದರು. ಮಾಸ್ತರರ ತಾಯಿಯ ಜಾಗ ಅದು.

ಮಾಸ್ತರರು ಎದ್ದು ನಿಂತರು. ಅವರ ಇಗರ್ಜಿಯಲ್ಲಿ ದೇವರ ಮಾತು ಓದುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಬೈಠಕ್ಕಿನಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ನಿಂತರೋ. ಆ ಧಡೂತಿ ಮನುಷ್ಯ, ಕರೀ ಕೋಟು, ತಗ್ಗಿಸಿದ ತಲೆ, ಹಿಂದಿನವರಿಗೆ ಏನೂ ಕಾಣದಂತೆ. "ಅಹೋ, ಖಾಲೀ ಬಸಾ!" ಕೆಳಗೆ ಕೂರಿ ಎಂದು ಯಾರೋ ಮರಾಠಿಯಲ್ಲಿ ಕೂಗಿದರು. ಇನ್ನೊಬ್ಬರು ಅವರ ಕೋಟು ಜಗ್ಗಿದರು. ಗುರುಗಳು ಹಾಡುತ್ತಲೇ ಎಡಗೈ ಎತ್ತಿದರು, ಬಿಡ್ರಿ ಅವರನ್ನ ಎಂಬಂತೆ. ಕೋಟು ಜಗ್ಗುತ್ತಿದ್ದವರು ಕೈ ಬಿಟ್ಟರು. ಗುರುಗಳು ಅದೇ ಜಾಗವನ್ನು ಇನ್ನೊಮ್ಮೆ ಹಾಡಿದರು.

ಮೂರನೆಯ ಸಲಕ್ಕೆ ಅವರ ಬಲಗೈ ಹಿಂದೆ ಬಂತು, ನನ್ನ ಕಡೆಗೆ. ಎತ್ತಿಕೋ ಎಂದು ಅದರ ಅರ್ಥ. ಆರು ವರ್ಷ ರೈಲಿನ ಸದ್ದಿನಲ್ಲಿ ಹಾಡಿದ ಗಂಟಲು ಅದು, ಜನರ ಮುಂದೆ ಬಾಯಿ ತೆಗೆದರೆ ಬರೀ ಗಾಳಿ ಬಂತು. ಎದುರಿಗೆ ನಿಂತಿದ್ದ ಮಾಸ್ತರರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಅವರನ್ನು ನೋಡಿಕೊಂಡೇ ಅವರ ತಾಯಿಯ ಆ ಜಾಗವನ್ನು ಹಾಡಿದೆ. ಮೊದಲು ಮೆಲ್ಲಗೆ, ಆಮೇಲೆ ಇಡೀ ಗಂಟಲಿನಲ್ಲಿ.

ನಾನು ಹಾಡಿ ಮುಗಿಸುವ ತನಕ ಅವರು ಕೂರಲಿಲ್ಲ.